ಪರದೆಯ ಪಾಠ, ಅಧಿಕಾರದ ಪರೀಕ್ಷೆ



ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಲವರು ಇಂದು ಮ್ಯಾನೇಜರುಗಳು. ಮತ್ತೊಬ್ಬರ ರಜೆ, ಬಡ್ತಿ, ಒಪ್ಪಂದದ ನವೀಕರಣ ನಮ್ಮ ಮಾತಿನ ಮೇಲೆ ನಿಂತಿರುತ್ತದೆ. ಈ ಅಧಿಕಾರವನ್ನು ಬಳಸುವ ಬಗೆಯನ್ನು ನಮಗೆ ಕಲಿಸುತ್ತಿರುವುದು ಬಹುಮಟ್ಟಿಗೆ ಕಂಪ್ಯೂಟರಿನ ಪರದೆ: ಲಿಂಕ್ಡ್‌ಇನ್ ಲರ್ನಿಂಗ್, ಕೋರ್ಸೆರಾ, ಇಲ್ಲವೇ ಸಂಸ್ಥೆಯದೇ ಆದ ಕಲಿಕಾ ತಾಣ. ಆ ಪಾಠ ಯಾರ ಹಿತಕ್ಕಾಗಿ ಎಂಬುದೇ ಇಂದಿನ ನನ್ನ ಪ್ರಶ್ನೆ.

ಈ ಕಲಿಕೆಯ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಡೇವಿಡ್ ಕಾರ್ಪಿನ್ ಅಧ್ಯಕ್ಷತೆಯ ಕಾರ್ಯಪಡೆ 1995ರಲ್ಲೇ ಆಸ್ಟ್ರೇಲಿಯಾದ ಮ್ಯಾನೇಜರುಗಳ ಕೊರತೆಗಳನ್ನು ಸರ್ಕಾರದ ಮುಂದಿಟ್ಟಿತ್ತು; ಕೆಳಹಂತದ ಮೇಲ್ವಿಚಾರಕರು ತಕ್ಕ ತರಬೇತಿಯಿಲ್ಲದೆ ಹೊಣೆ ಹೊರುತ್ತಿದ್ದಾರೆಂದು ಎಚ್ಚರಿಸಿತ್ತು. ದುಬಾರಿ ಬಿಸಿನೆಸ್ ಸ್ಕೂಲಿನ ಮೆಟ್ಟಿಲು ಹತ್ತಲಾಗದವರಿಗೆ, ಹೆರಿಗೆ ರಜೆ ಮುಗಿಸಿ ಮರಳಿದವರಿಗೆ, ಪಾಳಿಯಲ್ಲಿ ದುಡಿಯುವ ನರ್ಸುಗಳಿಗೆ ಡಿಜಿಟಲ್ ಕಲಿಕೆ ಬಾಗಿಲು ತೆರೆದಿದೆ. ಅರ್ಥವಾಗದ್ದನ್ನು ಸಂಕೋಚವಿಲ್ಲದೆ ಮತ್ತೆ ಕೇಳಿಸಿಕೊಳ್ಳುವ ಅನುಕೂಲ ವಲಸಿಗರಿಗೆ ಸಣ್ಣದಲ್ಲ.

ಆದರೆ ತಾಣಗಳು ಸುಲಭವಾಗಿ ಅಳೆಯುವುದು ‘ಎಷ್ಟು ಮಂದಿ ಮುಗಿಸಿದರು’ ಎಂಬುದನ್ನು. ಎಷ್ಟು ಮಂದಿ ಬದಲಾದರು ಎಂಬುದನ್ನಲ್ಲ. ಕೇಟ್ ಜೆಂಕಿನ್ಸ್ ಅವರ ನೇತೃತ್ವದಲ್ಲಿ 2020ರಲ್ಲಿ ಹೊರಬಂದ ‘ರೆಸ್ಪೆಕ್ಟ್ ಅಟ್ ವರ್ಕ್’ ವರದಿಯ ಫಲವಾಗಿ, ಡಿಸೆಂಬರ್ 2022ರಿಂದ ಲೈಂಗಿಕ ಕಿರುಕುಳವನ್ನು ಮುಂಚಿತವಾಗಿ ತಡೆಯುವುದೇ ಮಾಲೀಕರ ಕಾನೂನುಬದ್ಧ ಹೊಣೆಯಾಗಿದೆ. ಅದಕ್ಕಾಗಿ ಮಾನವ ಹಕ್ಕುಗಳ ಆಯೋಗ ಏಳು ಮಾನದಂಡಗಳನ್ನು ಮುಂದಿಟ್ಟಿದೆ: ನಾಯಕತ್ವ, ಸಂಸ್ಕೃತಿ, ಅರಿವು, ಅಪಾಯ ನಿರ್ವಹಣೆ, ಬೆಂಬಲ, ದೂರಿಗೆ ಸ್ಪಂದನ, ಪಾರದರ್ಶಕ ಮೌಲ್ಯಮಾಪನ. ಅರಿವು ಏಳರಲ್ಲಿ ಒಂದು ಮಾತ್ರ. ನಲವತ್ತು ನಿಮಿಷದ ವಿಡಿಯೋ ನೋಡಿ ಪ್ರಮಾಣಪತ್ರ ಪಡೆದೊಡನೆ ಉಳಿದ ಆರೂ ಮುಗಿದವೆಂದು ಭಾವಿಸಿದರೆ, ಆ ಪಾಠ ಸಂಸ್ಥೆಯ ಕಡತವನ್ನು ಕಾಯುತ್ತದೆಯೇ ಹೊರತು ಕೆಲಸಗಾರ್ತಿಯನ್ನಲ್ಲ.

ಇನ್ನು ಸಮಯದ ಮಾತು. ಆಗಸ್ಟ್ 26, 2024ರಿಂದ ಇಲ್ಲಿ ಕೆಲಸದ ಅವಧಿಯಾಚೆಗಿನ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಹಕ್ಕು ಜಾರಿಗೆ ಬಂತು. ಸಣ್ಣ ಸಂಸ್ಥೆಗಳಿಗೆ ಒಂದು ವರ್ಷದ ನಂತರ. ನಿರಾಕರಣೆ ಅಸಮಂಜಸವಾಗಿರಬಾರದು ಎಂಬುದಷ್ಟೇ ಷರತ್ತು. ಹೀಗಿರುವಾಗ ಕಡ್ಡಾಯ ಪಾಠಗಳು ಮಾತ್ರ ಮಕ್ಕಳು ಮಲಗಿದ ಮೇಲಿನ ಹೊತ್ತಿಗೆ ಜಾರುವುದೇಕೆ?

ನಮ್ಮ ನಿಜವಾದ ಪರೀಕ್ಷೆ ಈ ಕಾನೂನಿನ ಗಡಿಯಾಚೆ ಇದೆ. ನಮ್ಮಲ್ಲಿ ಎಷ್ಟೋ ಜನರ ತಂಡಗಳು ಬೆಂಗಳೂರಿನಲ್ಲಿವೆ. ಮೆಲ್ಬರ್ನ್‌ನಲ್ಲಿ ಬೆಳಿಗ್ಗೆ 9ಕ್ಕೆ ಕರೆದ ಸಭೆ ಅಲ್ಲಿ ನಸುಕಿನ ನಾಲ್ಕೂವರೆ. ಇಲ್ಲಿಯ ಬೇಸಿಗೆಯಲ್ಲಿ ಮೂರೂವರೆ. ಇಲ್ಲಿ ಈ ಹಕ್ಕು ಜಾರಿಯಾಗುವ ತಿಂಗಳ ಹಿಂದೆ, ಜುಲೈ 2024ರಲ್ಲಿ, ಕರ್ನಾಟಕದಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಚರ್ಚೆಯಲ್ಲಿತ್ತು. ಅಲ್ಲಿಯ ಐಟಿ ನೌಕರರ ಸಂಘ ಅದನ್ನು ಪ್ರತಿಭಟಿಸಿತು. ಇಲ್ಲಿ ‘ಸಹಾನುಭೂತಿಯ ನಾಯಕತ್ವ’ದ ಕೋರ್ಸು ಮುಗಿಸಿದ ಕನ್ನಡಿಗ, ತನ್ನದೇ ಭಾಷೆಯಾಡುವ ಕಿರಿಯನನ್ನು ನಸುಕಿನಲ್ಲಿ ಎಬ್ಬಿಸುವುದಾದರೆ ಆತ ಕಲಿತದ್ದೇನು? ಯಾವ ಕಾನೂನೂ ಆತನನ್ನು ತಡೆಯುವುದಿಲ್ಲ. ತಡೆಯಬೇಕಾದದ್ದು ಆತನ ಕಲಿಕೆಯೇ.

ಆದ್ದರಿಂದ ನಮ್ಮ ನಮ್ಮ ಕಚೇರಿಗಳಲ್ಲಿ ಮೂರು ಬೇಡಿಕೆಗಳನ್ನಿಡೋಣ. ಕಲಿಕೆ ಸಂಬಳದ ವೇಳೆಯಲ್ಲೇ ನಡೆಯಲಿ. ಪ್ರತಿ ಪಾಠದ ನಂತರ ಸಹೋದ್ಯೋಗಿಗಳು ಎದುರುಬದುರು ಕುಳಿತು, ತಮ್ಮಲ್ಲಿ ನಿಜವಾಗಿ ನಡೆದ ಪ್ರಸಂಗಗಳನ್ನಿಟ್ಟುಕೊಂಡು ಚರ್ಚಿಸಲಿ. ಮ್ಯಾನೇಜರ್ ಕಲಿತರೋ ಇಲ್ಲವೋ ಎಂಬುದನ್ನು ಅವರ ಕೈಕೆಳಗಿನವರು, ಬೆಂಗಳೂರಿನವರೂ ಸೇರಿ, ಹೆಸರು ಹೇಳದೆ ನಿರ್ಭಯವಾಗಿ ತಿಳಿಸುವಂತಾಗಲಿ.

ಅನುಭವವನ್ನು ಒಟ್ಟಿಗೆ ಕುಳಿತು ಒರೆಗೆ ಹಚ್ಚುವ ಪದ್ಧತಿ ಹನ್ನೆರಡನೆಯ ಶತಮಾನದ ಶರಣರ ಕಾಲದಿಂದಲೂ ಕನ್ನಡಿಗರಿಗೆ ಪರಿಚಿತ. ಪರದೆ ಆ ಮಾತುಕತೆಗೆ ವಸ್ತು ಒದಗಿಸಲಿ. ತೀರ್ಪು ದುಡಿಯುವವರ ಬಾಯಿಂದ ಬರಲಿ.