ವಿಚಾರಿಸಿ ಬರೆದ ಸಂತನ ಹಬ್ಬ



ಇಂದು ಅಕ್ಟೋಬರ್ 18, ಶುಭಸಂದೇಶಕರ್ತರಾದ ಸಂತ ಲೂಕರ ಹಬ್ಬ. ಎಲ್ಲವನ್ನೂ ಬುಡದಿಂದ ವಿಚಾರಿಸಿ ಬರೆಯುತ್ತಿರುವುದಾಗಿ ಅವರು ಆರಂಭದಲ್ಲೇ ತಿಳಿಸುತ್ತಾರೆ. ಸ್ನಾನಿಕ ಯೊವಾನ್ನರ ಕರೆಗೆ ತಿಬೇರಿಯಸ್ ಚಕ್ರವರ್ತಿಯ ಆಳ್ವಿಕೆಯ 15ನೆಯ ವರ್ಷವೆಂದು ಕಾಲವನ್ನೂ ಗುರುತಿಸುತ್ತಾರೆ. ನಿಜವಾದ ವಿಶ್ವಾಸ ವಿಚಾರಣೆಗೆ ಅಂಜುವುದಿಲ್ಲ.

ಆದರೆ ಮಗಳು ಬಿ.ಎ.ಗೆ ಚರಿತ್ರೆ, ಸಮಾಜಶಾಸ್ತ್ರ ಓದುತ್ತೇನೆಂದರೆ, "ಅದರಿಂದ ಹೊಟ್ಟೆ ತುಂಬೀತೇ?" ಎನ್ನುತ್ತೇವೆ. ಫೀಸು ಕಟ್ಟುವ ತಂದೆತಾಯಿಗೆ ಆ ಚಿಂತೆ ಸಹಜ. ಶಿಕ್ಷಕರು, ಪತ್ರಕರ್ತರು, ಸರ್ಕಾರಿ ಅಧಿಕಾರಿಗಳು ಅನೇಕರು ಇದೇ ಓದಿನಿಂದ ಬಂದವರೆಂಬುದನ್ನೂ ನೆನೆಯೋಣ.

1882ರಲ್ಲಿ ಆರಂಭವಾದ ಬೆಂಗಳೂರಿನ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ವಿಜ್ಞಾನ, ವಾಣಿಜ್ಯದೊಂದಿಗೆ ಈ ವಿಷಯಗಳಿಗೂ ಅಲ್ಲಿ ಸ್ಥಾನವಿದೆ. ಅದನ್ನು ನಡೆಸುವುದು ಯೇಸುಸಭೆ. ಅದೇ ಸಭೆಯ ಸ್ಪೇನ್ ದೇಶದ ಗುರು ಫಾದರ್ ಹೆನ್ರಿ ಹೆರಾಸ್, 1926ರಲ್ಲಿ ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಸಂಶೋಧನಾ ಸಂಸ್ಥೆ ಕಟ್ಟಿದರು. ಮರುವರ್ಷ ವಿಜಯನಗರದ ಅರವೀಡು ವಂಶದ ಚರಿತ್ರೆ ಪ್ರಕಟಿಸಿದರು. ಅನ್ಯಧರ್ಮದ ಅರಸರೆಂದು ಅವರ ಶ್ರದ್ಧೆ ಕುಂದಲಿಲ್ಲ.

ನೆರೆಯವರ ಬಡತನಕ್ಕೆ ಕಾರಣ ಹುಡುಕುವುದು, ತಪ್ಪು ನಮ್ಮವರದಾದರೂ ಸತ್ಯ ನುಡಿಯುವುದು ಕೂಡ ಪ್ರೇಷಿತಕಾರ್ಯವೇ. ಅಂಥ ಓದಿಗೆ ಹೊರಟ ಮಕ್ಕಳನ್ನು ತಡೆಯದೆ ಹರಸೋಣ. ಸಂತ ಲೂಕರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.