ಆತ್ಮನಿಂದನೆ ಮತ್ತು ನಾಳಿನ ಭಯ



ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವುದು ವಿವೇಕದ ಲಕ್ಷಣ. ಆ ತಪ್ಪಿಗಾಗಿ ತನ್ನನ್ನೇ ಸದಾ ಹಳಿದುಕೊಳ್ಳುವುದು ಬೇರೆಯೇ ಸಂಗತಿ. ಮೊದಲನೆಯದು ಆತ್ಮಾವಲೋಕನ, ಎರಡನೆಯದು ಆತ್ಮನಿಂದನೆ. ತರುಣರ ಭವಿಷ್ಯಭೀತಿಯನ್ನು ಅರಿಯಬೇಕಾದರೆ ಈ ಭೇದವನ್ನು ಮೊದಲು ತಿಳಿಯಬೇಕು.

ಅಮೆರಿಕದ ಮನಶ್ಶಾಸ್ತ್ರಜ್ಞ ಸಿಡ್ನಿ ಬ್ಲಾಟ್ 1974ರಲ್ಲಿ ಖಿನ್ನತೆಯ ಎರಡು ಬಗೆಗಳನ್ನು ಗುರುತಿಸಿದರು. ಆಸರೆ ತಪ್ಪೀತೆಂಬ ಭಯದಿಂದ ಹುಟ್ಟುವುದು ಒಂದು. ತಾನು ಅಯೋಗ್ಯನೆಂಬ ಆತ್ಮನಿಂದನೆಯಿಂದ ಹುಟ್ಟುವುದು ಇನ್ನೊಂದು. ಪೋಲೆಂಡಿನ ಜ್ಬಿಗ್ನೆವ್ ಜಲೆಸ್ಕಿಯವರು 1996ರಲ್ಲಿ ಭವಿಷ್ಯದ ಆತಂಕವನ್ನು ಪ್ರತ್ಯೇಕ ಪರಿಕಲ್ಪನೆಯಾಗಿ ವಿವರಿಸಿದರು.

ಇವೆರಡಕ್ಕೂ ಇರುವ ನಂಟು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಸಿ.ಎ. ಪರೀಕ್ಷೆಯಲ್ಲಿ ಪ್ರತಿ ಪತ್ರಿಕೆಗೆ ಶೇಕಡಾ 40 ಅಂಕಗಳಿದ್ದರೆ ಸಾಲದು, ಒಟ್ಟಾರೆ ಶೇಕಡಾ 50 ಬರಬೇಕು. ಎಲ್ಲ ಪತ್ರಿಕೆಗಳಲ್ಲಿ ಕನಿಷ್ಠ ಅಂಕ ಪಡೆದೂ ಒಟ್ಟಿನಲ್ಲಿ ಸ್ವಲ್ಪದಕ್ಕೆ ಅನುತ್ತೀರ್ಣನಾದ ಯುವಕ, 'ಸಿದ್ಧತೆ ಸಾಲದಾಯಿತು' ಎಂದುಕೊಂಡರೆ ಮುಂದಿನ ದಾರಿ ತೆರೆದೇ ಇರುತ್ತದೆ, ಸಿದ್ಧತೆಯನ್ನು ಹೆಚ್ಚಿಸಬಹುದು. 'ನಾನೇ ನಾಲಾಯಕ್ಕು' ಎಂದುಕೊಂಡರೆ, ನಾಳಿನ ಪರೀಕ್ಷೆಗೆ ಹೋಗುವವನೂ ಅದೇ ನಾಲಾಯಕ್ಕು ತಾನೆ? ಬಾರದ ನಾಳೆಯನ್ನು ಅವನು ಇಂದೇ ಸೋತುಬಿಡುತ್ತಾನೆ.

ವ್ಯಕ್ತಿತ್ವದ ಪಾತ್ರವೂ ಇಲ್ಲಿ ಹಿರಿದು. ಚಿಂತೆ, ದುಗುಡಗಳಿಗೆ ಬೇಗ ಒಳಗಾಗುವ ಸ್ವಭಾವದವರಲ್ಲಿ ಈ ಭೀತಿ ಸುಲಭವಾಗಿ ಬೇರೂರುತ್ತದೆ. ಆದರೆ ಸ್ವಭಾವವೇ ಹಣೆಬರಹವಲ್ಲ. ಪರಿಪೂರ್ಣತೆಯ ಹಂಬಲವನ್ನು 1991ರಲ್ಲಿ ವಿಶ್ಲೇಷಿಸಿದ ಹೆವಿಟ್ ಮತ್ತು ಫ್ಲೆಟ್ ಅವರು, ಇತರರು ತನ್ನಿಂದ ದೋಷರಹಿತ ಸಾಧನೆಯನ್ನೇ ಬಯಸುತ್ತಾರೆಂಬ ನಂಬಿಕೆಯನ್ನು ಅದರ ಒಂದು ಮುಖವೆಂದು ಎಣಿಸಿದರು. ಈ ನಂಬಿಕೆ ಎಷ್ಟೋ ವೇಳೆ ಮನೆಯಲ್ಲಿಯೇ ಮೊಳೆಯುತ್ತದೆ. ಪಕ್ಕದ ಮನೆಯ ಹುಡುಗನ ಸಂಬಳ, ಅಮೆರಿಕದಲ್ಲಿರುವ ಸೋದರತ್ತೆಯ ಮಗನ ಹುದ್ದೆ ಊಟದ ಹೊತ್ತಿಗೆಲ್ಲ ಪ್ರಸ್ತಾಪವಾಗುತ್ತಿದ್ದರೆ, ಹಿರಿಯರ ಮಾತೇ ಕ್ರಮೇಣ ಮಕ್ಕಳ ಒಳದನಿಯಾಗುತ್ತದೆ.

ತನ್ನ ಮೇಲೆ ಕರುಣೆ ತೋರಿದರೆ ಸೋಮಾರಿತನ ಬಂದೀತೆಂಬ ಶಂಕೆ ಬೇಡ. ಕ್ರಿಸ್ಟಿನ್ ನೆಫ್ ಅವರು 2003ರಲ್ಲಿ ನಿರೂಪಿಸಿದ ಸ್ವಾನುಕಂಪದಲ್ಲಿ ತಪ್ಪನ್ನು ಮುಚ್ಚಿಡುವುದಿಲ್ಲ. ತಪ್ಪಿದ ಗೆಳೆಯನಿಗೆ ಹೇಳುವಷ್ಟೇ ಮೃದುವಾಗಿ ತನಗೂ ಹೇಳಿಕೊಳ್ಳುವುದೇ ಅದರ ತಿರುಳು.

ನಿದ್ರೆ, ಆಹಾರ, ಓದು ಕೆಡುವಷ್ಟು ಆತಂಕ ಬೆಳೆದರೆ ವೈದ್ಯರನ್ನು ಕಾಣಲು ಸಂಕೋಚ ಸಲ್ಲದು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಿರಿಯರಾದವರು ಫಲಿತಾಂಶದ ದಿನ 'ಎಷ್ಟು ಬಂತು?' ಎಂದು ಕೇಳುವ ಮುನ್ನ 'ಊಟ ಆಯಿತೇನಪ್ಪ?' ಎಂದು ಕೇಳಲಿ. ಅಂಕಗಳಾಚೆಗೂ ತನಗೊಂದು ಬೆಲೆಯಿದೆಯೆಂದು ಅರಿತ ಮಗು ನಾಳೆಗೆ ಅಷ್ಟಾಗಿ ಅಂಜುವುದಿಲ್ಲ.