ಕಾಡು ಅಣಬೆ: ಜನಪದ ನಂಬಿಕೆ ಮತ್ತು ಎಚ್ಚರಿಕೆ
(ಸಂಕೇಶ್ವರ ಭಾಗದ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಮುಂಗಾರು ಬಿದ್ದೊಡನೆ ಹಿರಣ್ಯಕೇಶಿ ದಂಡೆಯ ಊರುಗಳ ಬದುಗಳಲ್ಲೂ ಹುತ್ತಗಳ ಬಳಿಯೂ ಅಣಬೆ ಹುಡುಕುವ ಕಾಲ ಬರುತ್ತದೆ. ಗುಡುಗಿಗೆ ಅಣಬೆ ಏಳುತ್ತದೆ ಎಂಬ ನಂಬಿಕೆಯಲ್ಲಿ ಅನುಭವದ ಸತ್ಯವಿದೆ. ಗೆದ್ದಲುಗಳು ಹುತ್ತದೊಳಗೆ ಆಹಾರಕ್ಕಾಗಿ ಶಿಲೀಂಧ್ರವನ್ನು ಬೆಳೆಸುತ್ತವೆ. ಮಳೆಗೆ ನೆಲ ನೆನೆದಾಗ ಅದೇ ಹುತ್ತದ ಅಣಬೆಯಾಗಿ ಮೇಲೇಳುತ್ತದೆ. ಅದರ ಕಾಂಡ ಬೇರಿನಂತೆ ಗೆದ್ದಲಗೂಡಿನವರೆಗೆ ಇಳಿದಿರುತ್ತದೆ. ನಾಗರಪಂಚಮಿಯಂದು ಹಾಲೆರೆಯುವ ಹುತ್ತವೇ ಹೀಗೆ ಆಹಾರವನ್ನೂ ನೀಡುತ್ತದೆ.

ಆದರೆ ವಿಷಪರೀಕ್ಷೆಯ ನಂಬಿಕೆಗಳು ಪ್ರಾಣಕ್ಕೆ ಎರವಾಗಬಲ್ಲವು. ಬೇಯಿಸುವಾಗ ಹಾಕಿದ ಬೆಳ್ಳಿ ನಾಣ್ಯ ಅಥವಾ ಬೆಳ್ಳುಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದ ಅಣಬೆ ಮನುಷ್ಯನಿಗೂ ಸಲ್ಲುತ್ತದೆ ಎಂಬ ಮಾತುಗಳಿಗೆ ಆಧಾರವಿಲ್ಲ. ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷವು ಕುದಿಸಿದರೂ ಒಣಗಿಸಿದರೂ ನಾಶವಾಗದು. ಸಾಮಾನ್ಯವಾಗಿ ತಿಂದ 6ರಿಂದ 24 ಗಂಟೆಗಳಲ್ಲಿ ವಾಂತಿ-ಭೇದಿ ಆರಂಭವಾಗುತ್ತದೆ. ನಂತರ ಶಮನವಾದಂತೆ ಕಂಡರೂ ಒಳಗೆ ಯಕೃತ್ತು ಹಾನಿಗೊಳ್ಳುತ್ತಿರುತ್ತದೆ. ಹುಲ್ಲುನೆಲದಲ್ಲಿ ಬೆಳೆಯುವ, ಬಲಿತಾಗ ಕೊಡೆಯ ಅಡಿಭಾಗ ಹಸಿರಾಗುವ ಬಿಳಿ ಅಣಬೆಯೂ ವಿಷಕಾರಿ. ಎಳೆಯದಿದ್ದಾಗ ಅದು ತಿನ್ನುವ ಅಣಬೆಯನ್ನೇ ಹೋಲುತ್ತದೆ.

ಆದುದರಿಂದ ಸದಸ್ಯರು ವಾರ್ಡ್ ಸಭೆಗಳಲ್ಲಿ, ಆಶಾ ಹಾಗೂ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಈ ಅಂಶಗಳನ್ನು ಮನೆಮನೆಗೆ ತಲುಪಿಸಬೇಕು:

1. ಖಚಿತವಾಗಿ ಗುರುತು ಸಿಗದ ಅಣಬೆಯನ್ನು ತಿನ್ನಬಾರದು.
2. ಮಕ್ಕಳು ಆಯ್ದು ತಂದ ಅಣಬೆಯನ್ನು ಬೇಯಿಸಬಾರದು.
3. ತಿಂದವರು ಅಸ್ವಸ್ಥರಾದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಬೇಕು. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ವೈದ್ಯರಿಗೆ ತೋರಿಸಬೇಕು.

ಮಳೆಯ ಗುರುತು ಹಿಡಿದ ಹಿರಿಯರ ತಿಳಿವಳಿಕೆ ಉಳಿಯಲಿ. ಬೆಳ್ಳಿ ನಾಣ್ಯದ ಪರೀಕ್ಷೆ ಈ ಮುಂಗಾರಿಗೇ ಕೊನೆಯಾಗಲಿ.